ಹಾರದೆ ಉಳಿದ ಗಂಟೆಗೂ ಲೆಕ್ಕವಿರಲಿ: ವಿಮಾನ ಚಾಲನಾ ಬೋಧಕನೊಬ್ಬನ ಬಹಿರಂಗ ಪತ್ರ

ನಾಗರಿಕ ವಿಮಾನಯಾನ ಮಹಾನಿರ್ದೇಶಕರಿಗೆ ಹಾಗೂ ದೇಶದ ವಿಮಾನ ಚಾಲನಾ ತರಬೇತಿ ಶಾಲೆಗಳ ಆಡಳಿತ ಮಂಡಳಿಗಳಿಗೆ,

ಮಾನ್ಯರೇ,

ಎರಡು ಆಸನಗಳ ತರಬೇತಿ ವಿಮಾನದಲ್ಲಿ ಎಡಗಡೆ ಕೂರುವವನು ವಿದ್ಯಾರ್ಥಿ, ಬಲಗಡೆ ಕೂರುವವನು ಬೋಧಕ. ಹದಿನಾಲ್ಕು ವರ್ಷಗಳಿಂದ ನಾನು ಆ ಬಲಗಡೆಯ ಆಸನದಲ್ಲಿ ಕೂತು ಅನ್ನ ಸಂಪಾದಿಸುತ್ತಿದ್ದೇನೆ. ನನ್ನ ಕೈಯಲ್ಲಿ ಕಲಿತು ಈಗ ಏರ್‌ಬಸ್ಸಿನ ಕ್ಯಾಪ್ಟನ್ ಆಗಿರುವವರು ಇದ್ದಾರೆ. ಐವತ್ತು ಗಂಟೆ ಹಾರಿದ ಮೇಲೂ ಕೈ ಕೂಡದೆ, "ಇದು ಬೇಡಪ್ಪ, ಇನ್ನಷ್ಟು ಹಣ ಸುರಿಯಬೇಡ" ಎಂದು ನಾನೇ ಕೂರಿಸಿಕೊಂಡು ಹೇಳಿ ಊರಿಗೆ ಕಳುಹಿಸಿದವರೂ ಇದ್ದಾರೆ. ಇಷ್ಟು ವರ್ಷ ತೆಪ್ಪಗಿದ್ದವನು ಈಗ ಬಹಿರಂಗವಾಗಿ ಬರೆಯುತ್ತಿರುವುದು ಒಂದೇ ವಿಷಯಕ್ಕೆ: ಬೋಧಕನ ಸಂಬಳವನ್ನು ವಿಮಾನದ ಎಂಜಿನ್ ತಿರುಗಿದ ಗಂಟೆಗಳಿಗೆ ಕಟ್ಟಿಹಾಕುವ ಪದ್ಧತಿ ನಿಲ್ಲಬೇಕು.

ಹೊರಗಿನವರಿಗೆ ಇದು ಸಂಬಳದ ಜಗಳದಂತೆ ಕಾಣಬಹುದು. ಹಾಗೆ ಕಂಡರೆ ತಪ್ಪು ಅವರದಲ್ಲ, ನಮ್ಮ ಕೆಲಸದಲ್ಲಿ ಎಂಜಿನ್ ತಿರುಗುವ ಹೊತ್ತು ಅರ್ಧಕ್ಕಿಂತ ಕಡಿಮೆ ಎಂಬುದನ್ನು ನಾವೇ ಯಾರಿಗೂ ಹೇಳಿಲ್ಲ.

ಸ್ಟಾಲ್ ಎಂಬ ಒಂದೇ ಪಾಠವನ್ನು ತೆಗೆದುಕೊಳ್ಳಿ. ವಿಮಾನದ ಮೂತಿ ಎತ್ತುತ್ತಾ ಹೋದಂತೆ ವೇಗ ಕುಸಿಯುತ್ತದೆ, ರೆಕ್ಕೆಗೂ ಎದುರು ಬರುವ ಗಾಳಿಗೂ ನಡುವಿನ ಕೋನ ಒಂದು ಮಿತಿ ದಾಟಿದ ಕೂಡಲೇ ರೆಕ್ಕೆಯ ಮೇಲಿನ ಗಾಳಿಯ ಹರಿವು ಒಡೆದು, ವಿಮಾನವನ್ನು ಹೊತ್ತಿದ್ದ ಬಲ ಕೈಕೊಡುತ್ತದೆ. ಸೆಸ್ನಾ 152 ವಿಮಾನದಲ್ಲಿ ಅದಕ್ಕೆ ಸ್ವಲ್ಪ ಮೊದಲು ಎಡರೆಕ್ಕೆಯ ಅಂಚಿನ ಒಂದು ಸಣ್ಣ ಕಿಂಡಿಯಿಂದ ಜಾತ್ರೆಯ ಪೀಪಿಯಂಥ ಸದ್ದು ಹೊರಡುತ್ತದೆ. ಮೂತಿ ಕೆಳಗೆ ಜಾರಿದಾಗ ಮನುಷ್ಯನ ಕೈ ತಾನಾಗಿಯೇ ಯೋಕನ್ನು, ಅಂದರೆ ಕೈಯಲ್ಲಿ ಹಿಡಿಯುವ ನಿಯಂತ್ರಣ ಚಕ್ರವನ್ನು, ಹೊಟ್ಟೆಯ ಕಡೆಗೆ ಎಳೆಯುತ್ತದೆ. ಒಂದು ರೆಕ್ಕೆ ವಾಲಿದರೆ ಅದನ್ನು ಎತ್ತಲು ಯೋಕನ್ನು ಎದುರುದಿಕ್ಕಿಗೆ ತಿರುಗಿಸುತ್ತದೆ. ಎರಡೂ ತಪ್ಪು. ಎಳೆಯುವ ಬದಲು ಬಿಟ್ಟುಕೊಡಬೇಕು, ವಾಲುವಿಕೆಯನ್ನು ಕಾಲಿನಿಂದ ಒತ್ತುವ, ಬಾಲದ ಚುಕ್ಕಾಣಿಯಾದ ರಡರ್‌ನಿಂದ ತಡೆಯಬೇಕು. ಬೀಳುತ್ತಿರುವಾಗ ಇನ್ನಷ್ಟು ಕೆಳಕ್ಕೆ ಬಗ್ಗು ಎಂದು ಒಬ್ಬ ಹತ್ತೊಂಬತ್ತರ ಹುಡುಗನ ದೇಹಕ್ಕೆ ಒಪ್ಪಿಸುವುದು ಆಕಾಶದಲ್ಲಿ ಆಗುವ ಕೆಲಸವಲ್ಲ. ಅದಕ್ಕೆ ಮೊದಲು ನೆಲದ ಮೇಲೆ, ಕೈಯಲ್ಲಿ ಮರದ ಪುಟ್ಟ ವಿಮಾನ ಹಿಡಿದುಕೊಂಡು ನಲವತ್ತು ನಿಮಿಷ ಮಾತನಾಡಬೇಕು. ಆಮೇಲೆ ವಿಮಾನದ ಸುತ್ತ ಒಂದು ಸುತ್ತು ನಡೆಯಬೇಕು, ಇಂಧನದ ಟ್ಯಾಂಕಿನ ತಳದಿಂದ ಒಂದು ಲೋಟದಷ್ಟು ಅವ್‌ಗ್ಯಾಸ್ ಬಸಿದು ಬೆಳಕಿಗೆ ಹಿಡಿದು, ಆ ತಿಳಿನೀಲಿಯ ಅಡಿಯಲ್ಲಿ ನೀರಿನ ಗುಳ್ಳೆ ಕೂತಿದೆಯೇ ಎಂದು ನೋಡಬೇಕು. ಹಾರಾಟ ಐವತ್ತು ನಿಮಿಷ. ಇಳಿದ ಮೇಲೆ ಮತ್ತೆ ಅರ್ಧ ಗಂಟೆ: ಎಲ್ಲಿ ಎಳೆದೆ, ಯಾಕೆ ಎಳೆದೆ, ಆ ಹೊತ್ತಿನಲ್ಲಿ ನಿನ್ನ ಕಣ್ಣು ಎಲ್ಲಿತ್ತು. ನನ್ನ ಸಂಬಳದ ಚೀಟಿಯಲ್ಲಿ ಕಾಣಿಸಿಕೊಳ್ಳುತ್ತಿದ್ದದ್ದು ನಡುವಿನ ಐವತ್ತು ನಿಮಿಷ ಮಾತ್ರ.

2009ರ ಫೆಬ್ರುವರಿಯಲ್ಲಿ ಅಮೆರಿಕದ ಬಫಲೋ ಬಳಿ ಕೋಲ್ಗನ್ ಏರ್ ಸಂಸ್ಥೆಯ ವಿಮಾನವೊಂದು ಮನೆಯೊಂದರ ಮೇಲೆ ಬಿದ್ದು 50 ಮಂದಿ ಸತ್ತರು. ಸ್ಟಾಲ್ ಎಚ್ಚರಿಕೆ ಬಂದಾಗ ಕ್ಯಾಪ್ಟನ್ ನಿಯಂತ್ರಣ ದಂಡವನ್ನು ಮುಂದಕ್ಕೆ ಬಿಡುವ ಬದಲು ಹಿಂದಕ್ಕೆ ಎಳೆದಿದ್ದರು ಎಂಬುದು ತನಿಖೆಯಲ್ಲಿ ತಿಳಿಯಿತು. ಮೊದಲ ಹತ್ತು ಗಂಟೆಗಳಲ್ಲಿ ನಾವು ಮಕ್ಕಳಿಗೆ ಕಲಿಸುವ ಅದೇ ಪಾಠ. ಆ ದುರಂತದ ನಂತರ ಅಲ್ಲಿನ ಸಂಸತ್ತು ಕಾನೂನು ಮಾಡಿ, 2013ರಿಂದ ವಿಮಾನಯಾನ ಸಂಸ್ಥೆಯ ಸಹಪೈಲಟ್ ಆಗುವವರಿಗೂ ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟ ಬೇಕೆಂದಿತು. ವಿಚಿತ್ರವೆಂದರೆ, ಬಿದ್ದ ವಿಮಾನದಲ್ಲಿದ್ದ ಇಬ್ಬರು ಪೈಲಟ್‌ಗಳಿಗೂ ಅದಕ್ಕಿಂತ ಹೆಚ್ಚಿನ ಗಂಟೆಗಳು ಆಗಲೇ ಇದ್ದವು. ಕಾನೂನಿನ ಫಲವಾಗಿ ಅಮೆರಿಕದ ಸಾವಿರಾರು ಯುವ ಪೈಲಟ್‌ಗಳು ಗಂಟೆ ಕೂಡಿಸಿಕೊಳ್ಳಲೆಂದೇ ಬೋಧಕರಾಗುತ್ತಾರೆ, ಕೂಡಿದ ದಿನ ಹೊರಟುಹೋಗುತ್ತಾರೆ. ನಮ್ಮಲ್ಲಿ ಕಥೆ ತಿರುಗಾಮುರುಗಾ. ಇಲ್ಲಿ 200 ಗಂಟೆ ಮುಗಿಸಿ ಕಮರ್ಷಿಯಲ್ ಪೈಲಟ್ ಪರವಾನಗಿ ಪಡೆದವನು ದೊಡ್ಡ ವಿಮಾನದ ತರಬೇತಿ ಪಡೆದರೆ ನೇರವಾಗಿ ವಿಮಾನಯಾನ ಸಂಸ್ಥೆಯ ಬಾಗಿಲು ತಟ್ಟಬಹುದು. ಹಾಗಾಗಿ ಬೋಧನೆಯ ಕಡೆಗೆ ಬರುವವರೇ ಕಡಿಮೆ. ಬಂದವರಲ್ಲಿ ಹಲವರು ಆ ಬಾಗಿಲು ತೆರೆಯುವವರೆಗೆ ಜಗಲಿಯಲ್ಲಿ ಕಾದು ಕೂತವರು. ಅವರನ್ನು ನಾನು ದೂರುವುದಿಲ್ಲ. ಲಕ್ಷಗಟ್ಟಲೆ ಸಾಲ ಹೊತ್ತ ಇಪ್ಪತ್ತೈದರ ಹರೆಯದವನಿಗೆ ತ್ಯಾಗದ ಉಪದೇಶ ಮಾಡಲು ನನಗೆ ನಾಲಿಗೆ ಏಳುವುದಿಲ್ಲ. ಆದರೆ ಅವನು ಹೋದ ಮೇಲೆ ಅವನ ವಿದ್ಯಾರ್ಥಿಗೆ ಏನಾಗುತ್ತದೆ ಎಂದು ಕೇಳುವವರು ಇರಬೇಕು.

ಒಬ್ಬ ವಿದ್ಯಾರ್ಥಿಯ ಬಗ್ಗೆ ಹೇಳುತ್ತೇನೆ. ಮಲೆನಾಡಿನ ಅಂಚಿನ ಹಳ್ಳಿಯವನು, ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಓದಿದವನು. ಅಪ್ಪ ಅಡಿಕೆ ತೋಟದ ಮೇಲೆ ಸಾಲ ತೆಗೆದು ಕಳುಹಿಸಿದ್ದರು. ನೆಲದ ಮೇಲೆ ವಿಮಾನವನ್ನು ತಿರುಗಿಸುವುದು ಕೈಯಿಂದಲ್ಲ, ಕಾಲಿನಿಂದ. ಕಾರು ಓಡಿಸಿ ಬಂದ ಪಟ್ಟಣದ ಮಕ್ಕಳು ವಾರಗಟ್ಟಲೆ ಯೋಕನ್ನು ಸ್ಟಿಯರಿಂಗ್‌ನಂತೆ ತಿರುವುತ್ತಾ ಹುಲ್ಲಿನ ಕಡೆ ಹೋಗುತ್ತಾರೆ. ಈ ಹುಡುಗ ಮೊದಲ ದಿನವೇ ಗೆರೆ ಹೊಡೆದಂತೆ ಟ್ಯಾಕ್ಸಿ ಮಾಡಿದ. ಹೇಗೆ ಎಂದು ಕೇಳಿದರೆ, "ಟ್ರ್ಯಾಕ್ಟರಿನಲ್ಲಿ ಎಡಬ್ರೇಕು ಬಲಬ್ರೇಕು ಬೇರೆಬೇರೆ ಇರ್ತಾವಲ್ಲ ಸರ್, ಹೊಲದ ಕೊನೆಯಲ್ಲಿ ಒಂದೇ ಒತ್ತಿ ತಿರುಗಿಸ್ತೀವಿ" ಎಂದ. ನನ್ನ ಬೋಧನೆಯ ಇಷ್ಟು ವರ್ಷಗಳಲ್ಲಿ ಅದಕ್ಕಿಂತ ಒಳ್ಳೆಯ ವಿವರಣೆ ನನಗೆ ಹೊಳೆದಿರಲಿಲ್ಲ; ಈಗಲೂ ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಆದರೆ ಅದೇ ಹುಡುಗ ರೇಡಿಯೊದ ಗುಂಡಿ ಒತ್ತಿದ ಕೂಡಲೇ ಕಲ್ಲಾಗುತ್ತಿದ್ದ. ವಿಮಾನ ಹಾರಿಸುವ ಕೈ ಹದವಾಗಿತ್ತು, ನಿಲ್ದಾಣದ ನಿಯಂತ್ರಣ ಗೋಪುರವಾದ ಟವರ್ ಮಾತನಾಡಿದರೆ ಆ ಕೈಯೂ ಬಿಗಿಯುತ್ತಿತ್ತು. ಸಂಜೆ ಹಾಸ್ಟೆಲಿನ ಊಟದ ಮೇಜಿನ ಮೇಲೆ ತಟ್ಟೆಯನ್ನು ರನ್‌ವೇ ಮಾಡಿ, ಲೋಟವನ್ನು ವಿಮಾನ ಮಾಡಿ, ನಾನು ಟವರ್ ಆಗಿ, ಹದಿನೈದು ದಿನ ಅವನೊಂದಿಗೆ ಮಾತಾಡಿದೆ. ಅವನ ಭಯ ಇಂಗ್ಲಿಷಿನದಾಗಿರಲಿಲ್ಲ, ಎಲ್ಲರೂ ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದಾಗಿತ್ತು. ಇದನ್ನು ತಿಳಿಯಲು ಅವನ ಪಕ್ಕ ಎಂಟು ಗಂಟೆ ಹಾರಿರಬೇಕು, ಇಪ್ಪತ್ತು ಗಂಟೆ ಕೂತಿರಬೇಕು. ನನ್ನ ನಂತರ ಬಂದ ಹೊಸ ಬೋಧಕ ಅವನ ಕಡತದಲ್ಲಿ ಓದಬಹುದಾಗಿದ್ದದ್ದು ಎರಡೇ ಪದ: ಆರ್‌ಟಿ (ರೇಡಿಯೊ ಮಾತುಕತೆ) ಸುಧಾರಿಸಬೇಕು.

ಅವನ ಮೊದಲ ಸೋಲೊ, ಅಂದರೆ ಬೋಧಕನಿಲ್ಲದೆ ಒಂಟಿಯಾಗಿ ಹಾರಿದ್ದು, ನನಗೆ ಚೆನ್ನಾಗಿ ನೆನಪಿದೆ. ರನ್‌ವೇಯಿಂದ ಎದ್ದು ಒಂದು ಸುತ್ತು ಬಂದು ಅಲ್ಲೇ ಇಳಿಯುವ ಸರ್ಕ್ಯೂಟನ್ನು ಮೂರು ಸಲ ಜೊತೆಯಲ್ಲಿ ಹಾರಿ, ಮೂರನೆಯ ಲ್ಯಾಂಡಿಂಗ್‌ನಲ್ಲಿ ನಾನು ತೊಡೆಯ ಮೇಲಿಂದ ಕೈ ಎತ್ತಲೇ ಇಲ್ಲ. ವಿಮಾನ ನಿಲ್ಲುವ ಅಂಗಳವಾದ ಏಪ್ರನ್‌ಗೆ ಬಂದು ನಿಲ್ಲಿಸಿ, ಬಾಗಿಲು ತೆರೆದು, ನನ್ನ ಕಡೆಯ ಬೆಲ್ಟನ್ನು ಖಾಲಿ ಆಸನಕ್ಕೆ ಬಿಗಿದು, "ಒಂದೇ ಸರ್ಕ್ಯೂಟ್. ಮನಸ್ಸಿಗೆ ಬರದಿದ್ದರೆ ಇಳಿಸಬೇಡ, ಇನ್ನೊಂದು ಸುತ್ತು ಬಾ" ಎಂದು ಇಳಿದೆ. ಸೆಸ್ನಾ 152ರ ಗರಿಷ್ಠ ತೂಕವೇ 757 ಕಿಲೋ. ಬೋಧಕ ಇಳಿದರೆ ಅದರಲ್ಲಿ ಹತ್ತನೆಯ ಒಂದು ಭಾಗ ಇಳಿದಂತೆ. ವಿಮಾನ ಬೇಗ ಏಳುತ್ತದೆ, ಬೇಗ ಹತ್ತುತ್ತದೆ, ಇಳಿಯುವಾಗ ರನ್‌ವೇ ಮೇಲೆ ತೇಲುತ್ತದೆ. ಇದನ್ನೆಲ್ಲ ಅವನಿಗೆ ಹೇಳಿದ್ದೆ. ಆದರೂ ಹುಲ್ಲಿನ ಅಂಚಿನಲ್ಲಿ ನಿಂತು ಅವನು ಡೌನ್‌ವಿಂಡ್‌ನಲ್ಲಿ, ರನ್‌ವೇಗೆ ಸಮಾನಾಂತರವಾಗಿ, ಹೋಗುವುದನ್ನು ನೋಡುವ ಆ ನಿಮಿಷಗಳು ಯಾವ ಲಾಗ್ ಬುಕ್ಕಿನಲ್ಲೂ ನನ್ನ ಹೆಸರಿನಲ್ಲಿ ದಾಖಲಾಗುವುದಿಲ್ಲ. ನಿಯಮದ ಪ್ರಕಾರ ಅದು ಸರಿಯೇ, ಹಾರಿದವನು ನಾನಲ್ಲ. ಆದರೆ ಅವನನ್ನು ಒಂಟಿಯಾಗಿ ಬಿಟ್ಟ ತೀರ್ಮಾನ ನನ್ನದು. ವರ್ಷವಿಡೀ ನಾನು ಮಾಡಿದ ಕೆಲಸದಲ್ಲಿ ಅತ್ಯಂತ ಭಾರವಾದದ್ದು ನಾನು ವಿಮಾನದಲ್ಲಿ ಇಲ್ಲದಿದ್ದ ಆ ಕೆಲವು ನಿಮಿಷ.

ಈಗ ಗಂಟೆಯ ಲೆಕ್ಕ ಇಂಥ ತೀರ್ಮಾನಗಳಿಗೆ ಏನು ಮಾಡುತ್ತದೆ ಎಂಬುದನ್ನು ನನ್ನದೇ ಅನುಭವದಿಂದ ಹೇಳುತ್ತೇನೆ. ಶಾಲೆಯ ಹೆಸರು ಬೇಡ. ಇದು ಒಂದು ಶಾಲೆಯ ರೋಗವಲ್ಲ. ಅಲ್ಲಿ ನನಗೆ ತಿಂಗಳಿಗೆ ಒಂದು ಸಣ್ಣ ನಿಗದಿತ ಮೊತ್ತ, ಉಳಿದದ್ದು ಹಾರಿದ ಗಂಟೆಗೆ ಇಷ್ಟು ಎಂದು. ಒಂದು ಬೆಳಿಗ್ಗೆ ಅಡ್ಡಗಾಳಿ ಎಂಟು ನಾಟ್ ಇತ್ತು, ನಡುನಡುವೆ ಹನ್ನೆರಡಕ್ಕೆ ಏರುತ್ತಿತ್ತು. 152ರ ಕೈಪಿಡಿಯಲ್ಲಿ ತೋರಿಸಿರುವ ಅಡ್ಡಗಾಳಿಯ ಅಳತೆಯೇ 12 ನಾಟ್, ಅದೂ ಪಳಗಿದ ಕೈಯಲ್ಲಿ. ಅಂದು ಮೊದಲ ಸೋಲೊ ಆಗಬೇಕಿದ್ದ ಹುಡುಗಿಯನ್ನು ನಾನು ಬಿಡಲಿಲ್ಲ, ಉಳಿದ ಇಬ್ಬರನ್ನೂ ತರಗತಿಗೆ ಕಳುಹಿಸಿದೆ. ವ್ಯವಸ್ಥಾಪಕರು ಕರೆದು, "ನೀವು ಬಂದಿರುವುದು ಹಾರಿಸುವುದಕ್ಕೋ, ಗಾಳಿಚೀಲ ನೋಡುತ್ತಾ ಕೂರುವುದಕ್ಕೋ" ಎಂದರು. ಆ ಮಾತಿಗಿಂತ ನನ್ನನ್ನು ಕೊರೆದದ್ದು ತಿಂಗಳ ಕೊನೆಯಲ್ಲಿ ನಾನೇ ಮನಸ್ಸಿನಲ್ಲಿ ಮಾಡಿಕೊಂಡ ಲೆಕ್ಕ: ಆ ಒಂದು 'ಬೇಡ' ಎಂಬ ಮಾತಿಗೆ ನನಗೆ ಎಷ್ಟು ರೂಪಾಯಿ ಖರ್ಚಾಯಿತು ಎಂಬುದು.

ಆ ಲೆಕ್ಕ ಒಮ್ಮೆ ತಲೆಗೆ ಹೊಕ್ಕರೆ ಹೊರಗೆ ಹೋಗುವುದಿಲ್ಲ. ಅದೇ ವರ್ಷದ ಮಾರ್ಚಿನಲ್ಲಿ ತಿಂಗಳ ಗಂಟೆ ಕಡಿಮೆಯಾಗಿತ್ತು, ಮನೆಯ ಬಾಡಿಗೆ ಬಾಕಿ ಇತ್ತು. ಮಧ್ಯಾಹ್ನದ ಬಿಸಿಲಿನಲ್ಲಿ, ಐದನೆಯ ಹಾರಾಟಕ್ಕೆ ಹೋಗಬಾರದೆಂದು ದೇಹ ಹೇಳುತ್ತಿದ್ದರೂ ಹೋದೆ. ನೆಲ ಮುಟ್ಟುವ ಮುನ್ನ ಮೂತಿಯನ್ನು ತುಸು ಎತ್ತುವ ಫ್ಲೇರ್‌ನಲ್ಲಿ ವಿದ್ಯಾರ್ಥಿ ಹೆಚ್ಚು ಎಳೆದ, ವಿಮಾನ ಬಲೂನಿನಂತೆ ಮೇಲೆದ್ದಿತು, ನಾನು "ಐ ಹ್ಯಾವ್ ಕಂಟ್ರೋಲ್" ಎಂದದ್ದು ಒಂದು ಸೆಕೆಂಡು ತಡವಾಯಿತು. ವಿಮಾನ ಪುಟಿದು ಮುಂಚಕ್ರದ ಮೇಲೆ ಬಿತ್ತು. ಯಾರಿಗೂ ಗಾಯವಾಗಲಿಲ್ಲ, ವಿಮಾನ ನಾಲ್ಕು ದಿನ ಹ್ಯಾಂಗರಿನಲ್ಲಿ ತಪಾಸಣೆಗೆ ನಿಂತಿತು. ವರದಿಯಲ್ಲಿ ತಪ್ಪು ನನ್ನದೆಂದೇ ಬರೆದುಕೊಟ್ಟೆ, ಈಗಲೂ ಅದು ನನ್ನದೇ. ಆದರೆ ಆ ಒಂದು ಸೆಕೆಂಡಿನ ಹಿಂದೆ ಬಾಡಿಗೆಯ ಚಿಂತೆ ಇತ್ತು ಎಂದು ಬರೆಯಲು ಆ ನಮೂನೆಯಲ್ಲಿ ಜಾಗವಿರಲಿಲ್ಲ.

ಹವೆಗೂ ಈ ಲೆಕ್ಕಕ್ಕೂ ಎಂದಿಗೂ ಹೊಂದುವುದಿಲ್ಲ ಎಂಬುದು ನಮ್ಮ ರಾಜ್ಯದ ಭೂಪಟ ನೋಡಿದರೇ ತಿಳಿಯುತ್ತದೆ. 2021ರಲ್ಲಿ ವಿಮಾನ ನಿಲ್ದಾಣಗಳ ಪ್ರಾಧಿಕಾರ ಹೊಸ ತರಬೇತಿ ಶಾಲೆಗಳಿಗೆ ಆಯ್ಕೆ ಮಾಡಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಇದ್ದವು. ಉಳಿದವು ಜಲಗಾಂವ್, ಖಜುರಾಹೊ, ಲೀಲಾಬಾರಿ. ಬೆಳಗಾವಿಯಲ್ಲಿ ಜೂನ್ ಹಿಡಿದರೆ ಮೋಡ ತಲೆಯ ಮೇಲೇ ಕೂರುತ್ತದೆ. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳ ನಡುಹಗಲು ಗಾಳಿ ಎಷ್ಟು ತೆಳುವಾಗುತ್ತದೆಂದರೆ, ಎಂಜಿನ್ನಿಗೂ ರೆಕ್ಕೆಗೂ ತಾನು ಸಾವಿರಾರು ಅಡಿ ಮೇಲಿದ್ದೇನೆ ಎಂಬ ಭ್ರಮೆ. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ಬೆಂಗಳೂರಿನ ಜಕ್ಕೂರಿನಲ್ಲೂ, ಉಷ್ಣಾಂಶ 35 ಡಿಗ್ರಿ ಮುಟ್ಟಿದ ದಿನ ವಿಮಾನ ವರ್ತಿಸುವುದು 6,000 ಅಡಿಯಲ್ಲಿದ್ದಂತೆ. 110 ಅಶ್ವಶಕ್ತಿಯ ಎಂಜಿನ್ ಅಂದು ಏದುಸಿರು ಬಿಡುತ್ತದೆ. ಹಾಗಾಗಿ ನಾವು ಕತ್ತಲಲ್ಲೇ ಎದ್ದು ಹೋಗಿ, ಹತ್ತರೊಳಗೆ ಹಾರಾಟ ಮುಗಿಸಿ, ಮತ್ತೆ ಸಂಜೆಗೆ ಕಾಯುವವರು. ಈ ಕಾಯುವಿಕೆ ಸೋಮಾರಿತನವಲ್ಲ, ಪಾಠದ ಭಾಗ. ಹಾರಬಾರದ ದಿನವನ್ನು ಗುರುತಿಸುವುದನ್ನು ವಿದ್ಯಾರ್ಥಿ ಕಲಿಯುವುದು ಪುಸ್ತಕದಿಂದಲ್ಲ, ಬೋಧಕ ಬೇಡ ಎಂದಾಗ ಅವನ ಮುಖ ನೋಡಿ. ಆ ಮುಖದಲ್ಲಿ ನಷ್ಟದ ಕಳೆ ಕಂಡರೆ ಮಕ್ಕಳು ಅದನ್ನೂ ಕಲಿಯುತ್ತಾರೆ.

ಸುಮಾರು ನೂರು ವರ್ಷಗಳ ಹಿಂದೆಯೇ ಈ ಪ್ರಶ್ನೆಯನ್ನು ಬಗೆಹರಿಸಿದವರಿದ್ದರು. ಮೊದಲನೆಯ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟನ್ನಿನಲ್ಲಿ ರಣರಂಗದಿಂದ ಬಸವಳಿದು ಬಂದವರನ್ನೇ ಬೋಧಕರಾಗಿ ಕೂರಿಸುವುದು ರೂಢಿಯಾಗಿತ್ತು. 1917ರಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿ ಗೋಸ್‌ಪೋರ್ಟ್‌ನಲ್ಲಿ ಬೋಧನೆಯನ್ನೇ ಒಂದು ವಿದ್ಯೆಯೆಂದು ಕಟ್ಟಿದರು: ಎರಡೂ ಆಸನಗಳಿಗೆ ನಿಯಂತ್ರಣ, ಹಾರುತ್ತಲೇ ಮಾತನಾಡಲು ಒಂದು ಕೊಳವೆ, ಅಪಾಯದ ಸನ್ನಿವೇಶದಿಂದ ವಿದ್ಯಾರ್ಥಿಯನ್ನು ದೂರವಿಡುವ ಬದಲು ಜೊತೆಗೆ ಕರೆದೊಯ್ದು ಹೊರಬರುವುದನ್ನು ತೋರಿಸುವ ಕ್ರಮ. ನಮ್ಮ ವಾಯುಪಡೆ ಆ ಪರಂಪರೆಯನ್ನು ಬಿಟ್ಟಿಲ್ಲ. ಅಲ್ಲಿ ಬೋಧಕನಾಗಬೇಕಾದವನು ತಾಂಬರಂನ ಬೋಧಕರ ಶಾಲೆಯಲ್ಲಿ ಕಲಿತು ಬರಬೇಕು, ಆಮೇಲೂ ಶ್ರೇಣಿಯಿಂದ ಶ್ರೇಣಿಗೆ ಪರೀಕ್ಷೆ ಕೊಟ್ಟು ಏರಬೇಕು. ಬೀದರಿನಲ್ಲಿ ಹಾಕ್ ವಿಮಾನದ ಹಿಂದಿನ ಆಸನದಲ್ಲಿ ಕೂತ ಬೋಧಕನ ಸಂಬಳ ಮಳೆ ಬಂದರೆ ಕಡಿಮೆಯಾಗುವುದಿಲ್ಲ. ನಾಗರಿಕ ಶಾಲೆಗಳು ವಾಯುಪಡೆಯಾಗಲಿ ಎಂದು ನಾನು ಕೇಳುತ್ತಿಲ್ಲ. ಶುಲ್ಕದಿಂದ ನಡೆಯುವ ಸಂಸ್ಥೆಗಳ ಕಷ್ಟ ನನಗೆ ಗೊತ್ತು. ಆದರೆ ಮಳೆಯ ನಷ್ಟವನ್ನು ಹೊರಬೇಕಾದವನು, ಹಾರಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವನೇ ಆಗಬಾರದು.

ಅದರಲ್ಲೂ ಆ ತೀರ್ಮಾನದ ಹೊಣೆ ಈಗ ಹೆಚ್ಚಿದೆ. 2021ರ ನವೆಂಬರ್‌ವರೆಗೆ ಹಾರಾಟಕ್ಕೆ ಅನುಮತಿ ನೀಡುವ ಅಧಿಕಾರ ಮುಖ್ಯ ಬೋಧಕರಿಗೆ ಅಥವಾ ಅವರ ಉಪಮುಖ್ಯರಿಗೆ ಮಾತ್ರ ಇತ್ತು. ಆಗ ನಿಯಮ ತಿದ್ದಿ ಇತರ ಬೋಧಕರಿಗೂ ಅದನ್ನು ವಿಸ್ತರಿಸಿದಿರಿ. ಆ ತಿದ್ದುಪಡಿಯನ್ನು ನಾನು ಸ್ವಾಗತಿಸಿದವನು, ಏಕೆಂದರೆ ಒಬ್ಬರ ಸಹಿಗಾಗಿ ಒಳ್ಳೆಯ ಬೆಳಗುಗಳು ವ್ಯರ್ಥವಾಗುವುದನ್ನು ಕಣ್ಣಾರೆ ಕಂಡಿದ್ದೆ. ವರ್ಷದಲ್ಲಿ ಹೊಸದಾಗಿ ನೀಡಿದ ಕಮರ್ಷಿಯಲ್ ಪೈಲಟ್ ಪರವಾನಗಿಗಳ ಸಂಖ್ಯೆ 2020ರಲ್ಲಿ 578 ಇದ್ದದ್ದು 2023ರಲ್ಲಿ 1,622ಕ್ಕೆ ಏರಿತು. ಅವರಲ್ಲಿ ವಿದೇಶದಲ್ಲಿ ಹಾರಿ ಬಂದವರೂ ಇದ್ದಾರೆ, ಆದರೂ ಇಲ್ಲಿನ ಬಲಗಡೆಯ ಆಸನಗಳ ಮೇಲೆ ಬಿದ್ದ ಒತ್ತಡ ಎಷ್ಟೆಂದು ನಾವು ಬಲ್ಲೆವು. ಸಹಿ ಹಾಕುವ ಕೈಗಳು ಹೆಚ್ಚಾದವು, ಆ ಕೈ ನಡುಗದಂತೆ ನೋಡಿಕೊಳ್ಳುವ ಏರ್ಪಾಟು ಮಾತ್ರ ಜೊತೆಯಲ್ಲಿ ಬರಲಿಲ್ಲ.

ಆದ್ದರಿಂದ ಮಹಾನಿರ್ದೇಶಕರಲ್ಲಿ ನನ್ನ ಕೋರಿಕೆ ಇದು. ಶಾಲೆಯೊಂದಕ್ಕೆ ಅನುಮೋದನೆ ನೀಡುವಾಗ, ನವೀಕರಿಸುವಾಗ, ಅಲ್ಲಿನ ಬೋಧಕರ ಒಪ್ಪಂದದ ಸ್ವರೂಪವನ್ನೂ ತರಿಸಿಕೊಂಡು ನೋಡಿ. ಬದುಕಲು ಸಾಕಾಗುವಷ್ಟು ನಿಗದಿತ ಸಂಬಳವಿಲ್ಲದೆ ಗಂಟೆಯ ಲೆಕ್ಕದ ಮೇಲೆಯೇ ಬೋಧಕನನ್ನು ನಿಲ್ಲಿಸಿರುವ ಒಪ್ಪಂದವನ್ನು, ಹಳೆಯ ಟಯರಿನಂತೆ, ಸುರಕ್ಷತೆಯ ಕೊರತೆ ಎಂದು ಪರಿಗಣಿಸಿ. 2025ರ ಅಕ್ಟೋಬರ್‌ನಿಂದ ಶಾಲೆಗಳಿಗೆ ಶ್ರೇಣಿ ನೀಡುವ ವ್ಯವಸ್ಥೆಯನ್ನು ತಂದಿದ್ದೀರಿ. ಒಬ್ಬ ವಿದ್ಯಾರ್ಥಿ ತನ್ನ ತರಬೇತಿ ಮುಗಿಸುವುದರೊಳಗೆ ಎಷ್ಟು ಬೋಧಕರ ಕೈ ದಾಟಿದ ಎಂಬುದೂ ಅದರಲ್ಲಿ ಎದ್ದು ಕಾಣುವಂತೆ ಸೇರಲಿ. ಮಗಳನ್ನೋ ಮಗನನ್ನೋ ಸೇರಿಸಲು ಬರುವ ತಂದೆತಾಯಿ ವಿಮಾನಗಳ ಸಂಖ್ಯೆ ಕೇಳುತ್ತಾರೆ, ಸಿಮ್ಯುಲೇಟರ್ ಇದೆಯೇ ಎಂದು ಕೇಳುತ್ತಾರೆ. ಇದನ್ನು ಕೇಳಬೇಕೆಂದು ಅವರಿಗೆ ತಿಳಿದೇ ಇರುವುದಿಲ್ಲ.

ಆಡಳಿತ ಮಂಡಳಿಗಳಿಗೆ ಹೇಳಬೇಕಾದದ್ದು ಇನ್ನೂ ಚಿಕ್ಕದು. ಹಾರಾಟಕ್ಕೆ ಮೊದಲಿನ ಬ್ರೀಫಿಂಗ್, ನಂತರದ ಡಿಬ್ರೀಫಿಂಗ್, ಸೋಲೊ ನೋಡುತ್ತಾ ನಿಂತ ಹೊತ್ತು, ಹವೆ ಸರಿಯಿಲ್ಲವೆಂದು ರದ್ದು ಮಾಡಿದ ಹಾರಾಟ, ಇವಿಷ್ಟಕ್ಕೂ ಸಂಬಳದ ಚೀಟಿಯಲ್ಲಿ ಒಂದು ಕಾಲಂ ಕೊಡಿ. ಬದಲಿಗೆ ನಮ್ಮಿಂದ ಒಂದು ಮಾತು ಬರೆಸಿಕೊಳ್ಳಿ: ಕೈಗೆತ್ತಿಕೊಂಡ ವಿದ್ಯಾರ್ಥಿಗಳ ಪರವಾನಗಿ ಪರೀಕ್ಷೆ ಮುಗಿಯುವವರೆಗೆ, ವಿಮಾನಯಾನ ಸಂಸ್ಥೆಯ ಕರೆ ಬಂದರೂ, ನಾವು ಬಿಟ್ಟು ಹೋಗುವುದಿಲ್ಲವೆಂದು. ನನ್ನ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಈ ಎರಡನೆಯ ಮಾತು ಹಿಡಿಸುವುದಿಲ್ಲ, ಗೊತ್ತಿದೆ. ಒಂದೂವರೆ ವರ್ಷ ಒಂದೆಡೆ ನಿಲ್ಲಲು ಮನಸ್ಸಿಲ್ಲದವರು ಈ ಕೆಲಸಕ್ಕೆ ಬರುವುದು ಬೇಡ ಎಂದು ನಾನು ಅವರ ಎದುರಿಗೇ ಹೇಳಿದ್ದೇನೆ, ಇಲ್ಲೂ ಹೇಳುತ್ತಿದ್ದೇನೆ.

ಟ್ರ್ಯಾಕ್ಟರಿನ ಹುಡುಗ ಆ ದಿನ ಒಂದೇ ಸರ್ಕ್ಯೂಟ್ ಎಂದರೂ ಎರಡು ಹಾರಿದ. ಮೊದಲ ಸಲ ಇಳಿಯಲು ರನ್‌ವೇಯ ನೇರಕ್ಕೆ ಬರುವ ಫೈನಲ್‌ನಲ್ಲಿ ಎತ್ತರ ಹೆಚ್ಚಾಗಿತ್ತು. ಇಳಿಸದೆ ಥ್ರಾಟಲ್ ತುಂಬಾ ಕೊಟ್ಟು ಮತ್ತೆ ಮೇಲೇರಿ, ಟವರ್‌ಗೆ ತಡವರಿಸದೆ "ಗೋಯಿಂಗ್ ಅರೌಂಡ್" ಎಂದ. ಹುಲ್ಲಿನ ಅಂಚಿನಲ್ಲಿ ನಾನು ಹ್ಯಾಂಡ್‌ಸೆಟ್ಟಿನಲ್ಲಿ ಅದನ್ನು ಕೇಳಿಸಿಕೊಂಡೆ.

ತಮ್ಮ ಉತ್ತರವನ್ನು, ಅದಕ್ಕೂ ಮೊದಲು ಒಂದು ಸುತ್ತೋಲೆಯನ್ನು ನಿರೀಕ್ಷಿಸುತ್ತಾ,

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಿಮಾನ ಚಾಲನಾ ಬೋಧಕ